ಹಿಪ್ಪುನೇರಳೆಯ ಬುಡಕ್ಕೆ ಸುರಿದ ಮಣ್ಣು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ದಾದಿಯರೇ, ಗುತ್ತಿಗೆದಾರರೇ, ಮುಂದಿನ ಸಾಲಿನಲ್ಲಿ ತಮ್ಮ ತಮ್ಮ ಕುರ್ಚಿಗಳನ್ನು ತಾವೇ ತಂದುಕೊಂಡು ಕುಳಿತಿರುವ ಸಭಿಕರೇ,

ಈ ಕೊನೆಯ ತಮಾಷೆ ನನ್ನದಲ್ಲ, ಇದೇ ಆಸ್ಪತ್ರೆಯಲ್ಲಿ ಗಾಲಿಕುರ್ಚಿಯ ಮೇಲಿರುವ ನನ್ನ ಅಕ್ಕನದು. ಬೈಯುವುದಿದ್ದರೆ ಅವಳನ್ನೇ ಬೈಯಬೇಕಾಗಿ ಕೋರಿಕೆ.

‘ಹಳೆಯ ಹಿಪ್ಪುನೇರಳೆ ಮರವನ್ನು ಉಳಿಸಿದ ಎಂಜಿನಿಯರ್’ ಎಂದು ಈಗಷ್ಟೇ ನನ್ನನ್ನು ಹೊಗಳಿದಿರಿ. ಕೇಳಲು ಹಿತವಾಗಿತ್ತು. ಆದರೆ ಮರ ಉಳಿಯಿತೇ? ಅದು ನನಗೂ ಗೊತ್ತಿಲ್ಲ.

ಈ ಹೊಸ ಕಟ್ಟಡದ ನೆಲ ಹಿಂದಿನ ಅಂಗಳಕ್ಕಿಂತ ಸೊಂಟದೆತ್ತರ ಮೇಲೆ ಬಂತು. ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲಿಳಿದರೆ ಅಂಗಳ, ಅಂಗಳದ ನಡುವೆ ಮರ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಮೆಟ್ಟಿಲಿಗೂ ಗೋಡೆಗೂ ಏನು ವ್ಯತ್ಯಾಸ? ಅಂಗಳಕ್ಕೆ ಮಣ್ಣು ತುಂಬಿ ಬಾಗಿಲಿನ ಮಟ್ಟಕ್ಕೆ ತಂದುಬಿಡಿ ಎಂದು ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಬೇಕಾದರೆ ಇಳಿಜಾರು ಮಾಡೋಣ ಎಂದೆ.

ಅಕ್ಕ ನಕ್ಷೆ ತರಿಸಿಕೊಂಡು ನೋಡಿದಳು. ಗಣಿತದ ಟೀಚರ್ ಅವಳು. ಅಮ್ಮ ಕೆಲಸಕ್ಕೆ ಹೋದಾಗ ನನಗೆ ಲೆಕ್ಕ ಕಲಿಸಿದ್ದೂ, ತಪ್ಪಿದರೆ ಕಿವಿ ಹಿಂಡಿದ್ದೂ ಅವಳೇ.

“ಇಷ್ಟು ಕಡಿದಾದ ಇಳಿಜಾರಾ? ಇಳಿಯುವಾಗ ಒಬ್ಬರು ಹಿಡೀಬೇಕು, ಹತ್ತುವಾಗ ಒಬ್ಬರು ತಳ್ಳಬೇಕು. ನನಗೆ ಯಾರೂ ಬೇಡ ಕಣೋ. ಬಾಗಿಲು ತೆಗೆದು ಹೊರಗೆ ಹೋಗ್ಬೇಕು, ಅಷ್ಟೇ.”

ನಾನು ಬೇರಿನ ವಿಷಯ ಹೇಳಿದೆ. ಮರಕ್ಕೆ ಉಣಿಸುವ ಸಣ್ಣ ಬೇರುಗಳೆಲ್ಲ ಪಾತಾಳದಲ್ಲಿರುವುದಿಲ್ಲ, ಮೇಲ್ಮಣ್ಣಿನಲ್ಲೇ ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಅವುಗಳ ಮೇಲೆ ಮಣ್ಣು ಹೇರಿದರೆ ಉಸಿರು ಕಟ್ಟುತ್ತದೆ. ಸುತ್ತಲಿನ ಮಣ್ಣನ್ನು ಕೆರೆದು ತೆಗೆದರೂ ಅಷ್ಟೇ ಅಪಾಯ. ಮೋಸವೆಂದರೆ, ಮರ ಅಂದೇ ಸಾಯುವುದಿಲ್ಲ. ಕೆಲವು ವರ್ಷ ಹಸಿರಾಗಿಯೇ ನಿಂತಿದ್ದು, ಆಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಆಗ ಯಾರೂ ಮಣ್ಣನ್ನು ನೆನೆಯುವುದಿಲ್ಲ, ವಯಸ್ಸಾಗಿತ್ತು ಎನ್ನುತ್ತಾರೆ.

“ಎಷ್ಟು ವರ್ಷ ಹಸಿರಾಗಿರುತ್ತೆ?” ಎಂದಳು.

“ನಾಲ್ಕೈದು ವರ್ಷ ಇರ್ಬಹುದು.”

“ಹಾಗಾದ್ರೆ ತುಂಬಿಸು. ನನಗೆ ಅಷ್ಟು ಸಾಕು.”

ಸಭಿಕರೇ, ಅವಳದು ಕಾಲಿನಲ್ಲಿ ಶುರುವಾಗಿ ಕೈಗೆ ಏರುವ ಕಾಯಿಲೆ. ಅವಳು ನಗುತ್ತಲೇ ಹಾಗೆಂದಳು. ನಾನು ನಕ್ಷೆ ಸುತ್ತಿಕೊಂಡು ಎದ್ದು ಬಂದೆ.

ಬೇರೆ ಕೆಲಸಕ್ಕೆಂದು ಪರವೂರಿಗೆ ಹೋಗಿ ಮರಳುವಷ್ಟರಲ್ಲಿ ಮರದ ಬುಡ ಮಣ್ಣಿನೊಳಗಿತ್ತು. ಗುತ್ತಿಗೆದಾರರ ಮೇಲೆ ಕೂಗಾಡಿದೆ. ಅವರು ಕಣ್ಣು ಕಣ್ಣು ಬಿಟ್ಟರು. “ತಮ್ಮ ಒಪ್ಪಿದ್ದಾನೆ, ಸುರೀರಿ ಅಂತ ನಿಮ್ಮಕ್ಕನೇ ಹೇಳಿದ್ರಲ್ಲ ಸಾರ್. ಇನ್ಯಾರನ್ನ ಕೇಳ್ಬೇಕಿತ್ತು?”

ಅವಳ ಕೋಣೆಗೆ ನುಗ್ಗಿದೆ. “ಸುಳ್ಳು ಹೇಳಿದ್ಯಾ?”

“ಹೌದು, ಹೇಳಿದೆ. ನಿನಗೆ ಮರ ಹೆಚ್ಚೋ, ನಾನೋ?”

ನಾನು ಮರುದಿನ ಬೆಳಿಗ್ಗೆ ಮಣ್ಣು ತೆಗೆಸಲು ಶುರುಮಾಡಿದೆ, ಅಷ್ಟೇ. ಯಂತ್ರ ಇಳಿಸಿದರೆ ಬೇರು ಕಿತ್ತು ಬರುತ್ತದೆ, ಹಾಗಾಗಿ ಎಲ್ಲವೂ ಕೈಗುದ್ದಲಿಯಲ್ಲೇ. ಕಳೆದ ವರ್ಷದ ತರಗೆಲೆಗಳು ಅಡಿಯಲ್ಲಿ ಹಪ್ಪಳದಂತೆ ಒತ್ತಿ ಕೂತಿದ್ದವು. ಹಳೆಯ ನೆಲದ ಗುರುತು ಅದೇ; ಅದು ಕಂಡಲ್ಲೆಲ್ಲ ಗುದ್ದಲಿ ನಿಲ್ಲಿಸಿ ಕೈಯಲ್ಲಿ ಬಳಿದೆವು. ಮೇಲಿನ ಕಿಟಕಿಯಲ್ಲಿ ಅಕ್ಕ ನೋಡುತ್ತಿದ್ದಳು. ಆಮೇಲೆ ಪರದೆ ಎಳೆದುಕೊಂಡಳು. ಹಲವು ವಾರ ನಮ್ಮ ನಡುವೆ ಮಾತಿರಲಿಲ್ಲ.

ಕೊನೆಗೆ ಅವಳೇ ಫೋನ್ ಮಾಡಿದಳು. ಹಲೋ ಇಲ್ಲ, ಏನಿಲ್ಲ. “ನಾನು ಕೇಳಿದ್ದು ಮಣ್ಣಲ್ಲ ಕಣೋ, ದಾರಿ. ಬಾಗಿಲಿನ ಮಟ್ಟದಲ್ಲೇ ಕಂಬದ ಮೇಲೆ ಹಲಗೆ ಹಾಸೋಕಾಗಲ್ವಾ? ಇಷ್ಟು ವರ್ಷ ಕಟ್ಟಡ ಕಟ್ಟಿ ಏನು ಕಲಿತೆ ನೀನು?”

ನೀವೆಲ್ಲ ಕಟ್ಟಡದ ಹಿಂದೆ ನೋಡಿದ ಹಲಗೆಯ ಸೇತುವೆ ಹಾಗೆ ಬಂದದ್ದು. ಗುಂಡಿ ತೋಡಿದಲ್ಲಿ ಬೇರು ಸಿಕ್ಕರೆ ಕಂಬವನ್ನು ಪಕ್ಕಕ್ಕೆ ಸರಿಸಿದೆವು, ಹಾಗೆಂದೇ ಅದು ಅಷ್ಟು ಸೊಟ್ಟಗಿದೆ. ಮಳೆ ಹಿಡಿಯಿತು, ಕೆಲಸ ಎಳೆಯಿತು. ಮಣ್ಣು ತುಂಬಿದ್ದರೆ ಅವಳು ಎಂದೋ ಹೊರಗೆ ಹೋಗಿರುತ್ತಿದ್ದಳು. ಆ ಮಳೆಗಾಲದಲ್ಲೇ ಅವಳ ಕೈಯ ಬಲ ಇಳಿಯಿತು. ತಟ್ಟೆಯ ಚಮಚ ಕೆಳಗೆ ಬೀಳುವುದನ್ನು ನಾನು ನೋಡಿದ್ದೇನೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಇರಲಿ.

ಹಲಗೆ ಮುಗಿದ ದಿನ ಅವಳು ಬಾಗಿಲಿಗೆ ಬಂದಳು. “ಯಾರೂ ಮುಟ್ಬೇಡಿ,” ಎಂದಳು. ಚಕ್ರ ಒಂದಿಷ್ಟು ತಿರುಗಿಸುವಳು, ನಿಲ್ಲುವಳು. ಅರ್ಧ ದಾರಿಯಲ್ಲಿ ತಲೆ ಬಾಗಿಸಿ ಕೂತುಬಿಟ್ಟಳು. ನಾನು ಹೆಜ್ಜೆ ಇಟ್ಟೆ. ಹಲಗೆಯ ಸದ್ದಿಗೇ ಗೊತ್ತಾಯಿತು ಅವಳಿಗೆ. “ಬರ್ಬೇಡ!” ನಾನು ನಿಂತೆ. ದಾದಿಯರೂ ನಿಂತರು. ನಿಧಾನವಾಗಿ, ತಡೆದು ತಡೆದು, ಅವಳು ಕೊಂಬೆಗಳ ನಡುವೆ ಹೋಗಿ ಸೇರಿದಳು. ಎಲೆಗಳು ಅವಳ ಮುಖದ ಮಟ್ಟದಲ್ಲಿದ್ದವು. ಒಂದು ಕೊಂಬೆ ಹಿಡಿದುಕೊಂಡು, ನಮಗೆ ಬೆನ್ನು ಹಾಕಿ, ಬಹಳ ಹೊತ್ತು ಕೂತಿದ್ದಳು.

ತಾನೇ ಹೋದದ್ದು ಅದೊಂದೇ ಸಲ. ಈಗ ಯಾರಾದರೂ ತಳ್ಳಬೇಕು. ಮರದ ಉತ್ತರದ ತುದಿಯಲ್ಲಿ ಈ ವರ್ಷ ಎಲೆ ತೆಳುವಾಗಿದೆ. ಅದು ಆ ಮಣ್ಣಿನಿಂದಲೋ, ಬಿಸಿಲಿನಿಂದಲೋ, ಕಾದು ನೋಡಬೇಕು. ಇನ್ನು ಮುಂದೆ ಕಟ್ಟುವವರು ದಯವಿಟ್ಟು ಮೊದಲೇ ಬೇಲಿ ಹಾಕಿ. ಕೊಂಬೆಗಳ ನೆರಳಿಗಿಂತ ಆಚೆ ಹಾಕಿ. ಒಳಗೆ ಒಂದು ಬುಟ್ಟಿ ಮಣ್ಣೂ ಬೀಳದಿರಲಿ, ಒಂದು ಬುಟ್ಟಿ ಮಣ್ಣೂ ಹೊರಗೆ ಹೋಗದಿರಲಿ.

ಅಕ್ಕ ಸಭೆಗೆ ಬಂದಿಲ್ಲ. “ನೀನು ಉದ್ದ ಎಳೀತೀಯ, ನಾನು ಹೊರಗಿರ್ತೀನಿ,” ಎಂದು ಹಲಗೆಯ ಮೇಲೆ ಕೂತಿದ್ದಾಳೆ. ಬಿಸಿಲು ಅವಳ ಕಡೆ ತಿರುಗುವ ಹೊತ್ತಾಯಿತು, ಕುರ್ಚಿ ಸರಿಸಿ ಕೊಡಬೇಕು. ಕರೆದು ಗೌರವಿಸಿದ ನಿಮಗೆಲ್ಲ ಕೃತಜ್ಞತೆಗಳು. ನನಗೆ ಹೊರಡಲು ಅಪ್ಪಣೆ ಕೊಡಿ. ನಮಸ್ಕಾರ.