ವೀರಮ್ಮನ ಎಡಗಾಲು

ಊಹಿಸಿ ನೋಡೋಣ. ರಾತ್ರಿ ಒಂಬತ್ತರ ಸುಮಾರು. ಭದ್ರಾವತಿಯಲ್ಲಿ ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹಿಂದಿನ ದಾರಿ. ಒಂದು ಆಲದ ಮರ, ಅದರ ಬುಡದಲ್ಲಿ ಯಾರೂ ನೀರು ಸೇದದ ಒಂದು ಬಾವಿ. ಒಬ್ಬ ಮನುಷ್ಯ ಒಂಟಿಯಾಗಿ ನಡೆದು ಬರುತ್ತಿದ್ದಾನೆ. ಕೈಯಲ್ಲಿ ಹಳದಿ ಚೀಲ. ಚೀಲದೊಳಗೆ ಮೊಣಕಾಲಿನಿಂದ ಕೆಳಕ್ಕೆ ಕತ್ತರಿಸಿದ ಕಾಲು... ಇನ್ನೂ ಬೆಚ್ಚಗಿದೆ. ಏನಾಗಿರಬಹುದು, ಹೇಳಿ.

ಕೊಲೆ ಅಂದಿರಾ? ಅಲ್ಲ. ಮಾಟ ಅಂದಿರಾ? ಅದೂ ಅಲ್ಲ. ಸಮಾಜಸೇವೆ.

ಆ ಮನುಷ್ಯ ಹಾಲೇಶ್, ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ಪಕ್ಕದ ಮನೆಯವನು. ಕಾಲೇಜಿನಲ್ಲಿ ಗುಮಾಸ್ತ. ಬಸ್ಸಿನ ಸೀಟನ್ನು ಕರ್ಚೀಫಿನಲ್ಲಿ ಒರೆಸದೆ ಕೂರುವವನಲ್ಲ. ಹೋಟೆಲಿನ ಲೋಟವನ್ನು ಕಣ್ಣೆದುರೇ ಇನ್ನೊಮ್ಮೆ ಬಿಸಿನೀರಲ್ಲಿ ಅದ್ದಿಸಿಕೊಂಡು ಕಾಫಿ ಕುಡಿಯುವ ಜಾತಿ. ಬಡವರಿಗೆ ಉಚಿತ ಶಸ್ತ್ರಚಿಕಿತ್ಸಾ ಶಿಬಿರ, ಮೂರು ದಿನಕ್ಕೆ ಸ್ವಯಂಸೇವಕರು ಬೇಕು ಅಂದಾಗ ಇವನೇ ಮೊದಲು ಕೈ ಎತ್ತಿದ. ಮೇಜಿನ ಹಿಂದೆ ಕೂತು ಹೆಸರು ಬರೆದುಕೊಳ್ಳುವ ಕೆಲಸ ಅಂದುಕೊಂಡಿದ್ದ, ಪಾಪ. ಕೈಗೆ ಬಕೀಟು ಕೊಟ್ಟರು.

ಭದ್ರಾವತಿಯಲ್ಲಿ ಮುಚ್ಚಿಹೋದ ಶಾಲೆಯೊಂದನ್ನು ತೊಳೆದು ಆಸ್ಪತ್ರೆ ಮಾಡಿದ್ದರು. ಸಕ್ಕರೆ ಕಾಯಿಲೆಯಲ್ಲಿ ಕಾಲು ಕೊಳೆತವರೇ ಹೆಚ್ಚು. ಗಾಯಕ್ಕೆ ಅಂಟಿದ ಬಟ್ಟೆ ಬಿಚ್ಚುವಾಗ "ಪರ್‍ರ್..." ಅನ್ನೋದು. ಬಕೀಟಿಗೆ ಬೀಳುವಾಗ "ಪಚಕ್". ಕೀವು, ರಕ್ತ, ಫಿನಾಯಿಲು, ಮೂರೂ ಬೆರೆತ ಆ ವಾಸನೆ ಮೂಗಿನಲ್ಲಿ ನಿಲ್ಲದೆ ನಾಲಿಗೆಗೇ ಹತ್ತುತ್ತಿತ್ತಂತೆ. ಎರಡು ದಿನ ಹಾಲೇಶ್ ಕೈಯಲ್ಲಿ ಅನ್ನ ಕಲಸಲಿಲ್ಲ. ಮೊಸರಿನ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಮೂರನೆಯ ದಿನ ಬಂದಳು ವೀರಮ್ಮ. ಎಪ್ಪತ್ತು ದಾಟಿದ ಮುದುಕಿ. ಗಂಡ ಷಡಕ್ಷರಪ್ಪ ಹೋಗಿ ಹತ್ತು ವರ್ಷ, ಹಿಂದೆ ಮುಂದೆ ಯಾರೂ ಇಲ್ಲ. ಎಡಗಾಲು ಇದ್ದಿಲಿನ ಹಾಗೆ ಕಪ್ಪಾಗಿತ್ತು. ಹಿಮ್ಮಡಿಯಲ್ಲಿ ಬಿಳೀ ಹುಳ ಮಿಸುಕುತ್ತಿದ್ದವು. ಹಾಲೇಶ್ ಉಸಿರು ಬಿಗಿಹಿಡಿದು ಬಕೀಟು ಇಟ್ಟು ಓಡಬೇಕು, ಅಷ್ಟರಲ್ಲಿ ಅವಳು ಕೈ ಹಿಡಿದುಕೊಂಡಳು.

"ತಮ್ಮಾ, ನೀನೂ ನಮ್ಮ ಪೈಕಿಯೋನೇ ಅಂತೆ. ಒಂದು ಉಪಕಾರ ಮಾಡ್ತೀಯಾ?"

"ಹೇಳಿ ಅಮ್ಮಾ."

"ನಮ್ಮಲ್ಲಿ ಸತ್ತೋರನ್ನ ಕೂರಿಸಿ ಮಣ್ಣು ಮಾಡ್ತಾರೆ, ನಿಂಗೆ ಗೊತ್ತು. ಒಂಟಿ ಕಾಲಲ್ಲಿ ಚಕ್ಕಳಮಕ್ಕಳ ಹಾಕೋದು ಹೆಂಗೆ? ಕಾಲು ಮೊದ್ಲೇ ಹೋಗಿ ಜಾಗ ಹಿಡಿದಿರ್ಲಿ. ನಮ್ಮ ಯಜಮಾನ್ರ ಸಮಾಧಿ ಪಕ್ಕದಲ್ಲಿ. ಗುಂಡಿ ತೋಡೋ ಹೂವಪ್ಪಂಗೆ ಹೇಳಿ ಕಳ್ಸಿದೀನಿ."

ಸೆರಗಿನ ಗಂಟು ಬಿಚ್ಚಿ ಒಂದು ವಿಭೂತಿ ಗಟ್ಟಿ ಅವನ ಅಂಗೈಗೆ ಇಟ್ಟಳು.

"ಮೂರು ಬೆರಳಲ್ಲಿ ಹಚ್ಚಿ ಮುಚ್ಚು. ಕಸಕ್ಕೆ ಮಾತ್ರ ಹಾಕ್ಬೇಡ. ಆಣೆ ಮಾಡು."

ಮಾಡಿದ. ಕೈ ಬಿಡಿಸಿಕೊಳ್ಳೋಕೆ ಬೇರೆ ದಾರಿ ಇರಲಿಲ್ಲ.

ರಾತ್ರಿ ಆಪರೇಷನ್ ಮುಗಿಯಿತು. ವೀರಮ್ಮ ಹೆಬ್ಬೆಟ್ಟು ಒತ್ತಿದ ಕಾಗದ ನೋಡಿ ನರ್ಸ್ ಸ್ಪಂದನಾ ಚೀಲ ಕೊಟ್ಟಳು.

"ಎರಡು ಕವರ್ ಹಾಕಿದೀನಿ ಸರ್, ಸೋರಲ್ಲ."

ಸೋರಿತು. ರುದ್ರಭೂಮಿಯ ದಾರಿಯಲ್ಲಿ ಆ ಆಲದ ಮರದ ಹತ್ತಿರ ಬರೋ ಹೊತ್ತಿಗೆ ಪ್ಯಾಂಟಿನೊಳಗೆ ಬೆಚ್ಚಗೆ ಏನೋ ಇಳಿಯಿತು. ಹೆಜ್ಜೆಗೊಮ್ಮೆ ಚೀಲ ಬಂದು ಇವನ ಕಾಲಿಗೆ ಬಡಿಯುತ್ತಿತ್ತು... ಕಾಲಿಗೆ ಕಾಲು. ಕವರಿನ ಮೂಲಕ ಬೆರಳುಗಳು ಒಂದೊಂದೂ ಲೆಕ್ಕಕ್ಕೆ ಸಿಗುತ್ತಿದ್ದವು. ಹಾಲೇಶ್ ಬಾವಿಕಟ್ಟೆ ಹಿಡಿದು ವಾಂತಿ ಮಾಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಚೀಲವನ್ನು ಬಾವಿಗೆ ಬಿಟ್ಟ.

"ದುಡುಂ..."

ಆ ಗಬ್ಬಿನಲ್ಲಿ ಬಸ್ಸು ಹತ್ತುವ ಹಾಗಿರಲಿಲ್ಲ. ಶಿಬಿರಕ್ಕೆ ವಾಪಸು ಬಂದು ಪ್ಯಾಂಟು ಬದಲಿಸಿ, ಮೊಣಕೈವರೆಗೆ ಸೋಪು ಹಚ್ಚಿ ಏಳು ಸಲ ತೊಳೆದ. ಹೊರಡುವಾಗ ಮಂಚದ ಮೇಲಿಂದ ಪಿಸುದನಿ.

"ಹೂತ್ಯಾ, ತಮ್ಮಾ?"

"ಹೂತೆ, ಅಮ್ಮಾ."

"ವಿಭೂತಿ ಹಚ್ಚಿದ್ಯಾ?"

"ಹಚ್ಚಿದೆ."

ಗಟ್ಟಿ ಇನ್ನೂ ಅಂಗಿಯ ಜೇಬಿನಲ್ಲೇ ಇತ್ತು.

"ಮತ್ಯಾಕೋ... ಕಾಲು ನೆನೀತಿದೆ."

ಸ್ಪಂದನಾ ಬಗ್ಗಿ ಹೇಳಿದಳು, "ಕಾಲು ತೆಗೆದೋರಿಗೆ ಇನ್ನೂ ಇರೋ ಹಾಗೇ ಅನ್ಸತ್ತೆ ಅಜ್ಜಿ. ನರದ ಆಟ. ಮಲಕ್ಕೊಳಿ."

ವೀರಮ್ಮ ಹೊದಿಕೆ ಎಳೆದುಕೊಂಡಳು. ಮತ್ತೆ ಅದೇ ಪಿಸುದನಿ.

"ಹೆಬ್ಬೆರಳನ್ನ ಏನೋ ಕಚ್ತಿದೆ. ಸಣ್ಣಸಣ್ಣಕೆ. ಮಣ್ಣಲ್ಲಿ ಮೀನು ಇರ್ತಾವಾ, ತಮ್ಮಾ?"

ಹಾಲೇಶ್ ಚಪ್ಪಲಿ ಮೆಟ್ಟಿದ. ಹೊರಟೇಬಿಟ್ಟ. ಆದರೆ ಬಸ್ಸಿಗೂ ಅದೇ ದಾರಿ, ಅದೇ ಆಲ. ಗಾಳಿ ಇಲ್ಲ, ಒಂದು ಎಲೆ ಅಲ್ಲಾಡುತ್ತಿಲ್ಲ. ಬಾವಿಯೊಳಗಿಂದ ಮಾತ್ರ...

"ಥಪ್."

ಒದ್ದೆ ಅಂಗಾಲು ಕಲ್ಲಿಗೆ ತಾಗಿದ ಸದ್ದು. ಎರಡು ಕಾಲಿನದಲ್ಲ, ಒಂದೇ ಕಾಲಿನದು.

"ಥಪ್... ಥಪ್..."

ಮಕ್ಕಳು ಹಟ ಹಿಡಿದು ನೆಲಕ್ಕೆ ಕಾಲು ಬಡಿಯುತ್ತಾರಲ್ಲ, ಹಾಗೆ.

ಹಾಲೇಶ್ ಓಡಿದ್ದು ಬಸ್ ಸ್ಟ್ಯಾಂಡಿಗಲ್ಲ, ರುದ್ರಭೂಮಿಗೆ. ಅಲ್ಲಿ ಹೂವಪ್ಪ ತೋಡಿದ ಗುಂಡಿಯ ಪಕ್ಕ ಕೂತು ಬೀಡಿ ಸೇದುತ್ತಿದ್ದ.

"ಎಲ್ಲಿ ಸ್ವಾಮಿ, ಕಾಲು?"

"ಬಾವೀಲಿ."

ಹೂವಪ್ಪ ಬೀಡಿ ಹೊಸಕಿ ಇವನ ಮುಖ ನೋಡಿದ. "ಕೊಡ ಎತ್ತಿದೀನಿ, ಬಕೀಟು ಎತ್ತಿದೀನಿ. ನಡೀರಿ, ಇದೊಂದು ಬಾಕಿ ಇತ್ತು."

ಬಾವಿಗೆ ಬಿದ್ದ ಕೊಡ ಎತ್ತೋ ಕೊಕ್ಕೆ ಇರುತ್ತಲ್ಲ, ಪಾತಾಳಗರಡಿ, ಅದಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟರು. ಹಾಲೇಶ್ ಮೊಬೈಲಿನ ಬೆಳಕು ಹಿಡಿದ. "ಕಿಣಿ... ಕಿಣಿ..." ಅಂತ ಕಬ್ಬಿಣ ಕಲ್ಲಿಗೆ ತಾಗುತ್ತಾ ಹೋಯಿತು. ಮೊದಲ ಸಲಕ್ಕೇ ಸಿಕ್ಕಿತು. ಕಾಲೇ ಹಿಡಿದುಕೊಂಡ ಹಾಗೆ ಅಂತ ಹೂವಪ್ಪ ಆಮೇಲೆ ಹೇಳುತ್ತಿದ್ದ. ಚೀಲ ಇರಲಿಲ್ಲ. ಪಾಚಿ ಮೆತ್ತಿಕೊಂಡ ಬರೀ ಕಾಲು. ಹೆಬ್ಬೆರಳಿನ ತುದಿ ಸಣ್ಣಸಣ್ಣಕೆ ಕಿತ್ತು ಬಂದಿತ್ತು.

ಹೂವಪ್ಪ ಅದನ್ನು ಹೊತ್ತು ತಂದು ಗುಂಡಿಗೆ ಇಳಿಸಿ ಕೈ ಕಟ್ಟಿ ನಿಂತ. "ವಿಭೂತಿ ನೀವೇ ಹಚ್ಬೇಕು. ಆಣೆ ನಿಮ್ದು."

ನಮ್ಮ ಹಾಲೇಶ್, ಪರರ ಲೋಟ ಮುಟ್ಟದ ಹಾಲೇಶ್, ಗುಂಡಿಯ ಅಂಚಿನಲ್ಲಿ ಹೊಟ್ಟೆ ಮೇಲೆ ಮಲಗಿ ಕೈ ಇಳಿಬಿಟ್ಟ. ಚರ್ಮ ಬೆರಳಿಗೆ ಲೋಳೆ ಲೋಳೆಯಾಗಿ ಜಾರಿತು, ಉಗುರಿನ ಸಂದಿಗೆ ಹೊಕ್ಕಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೇ ಮೂರು ಬೆರಳು ಎಳೆದ. ಎಳೆಯುವಾಗ ಆ ಕಾಲು... ಬಿಸಿಯಿತ್ತು. ಜ್ವರ ಬಂದವರ ಕಾಲಿನ ಹಾಗೆ.

ಮಣ್ಣು ಮುಚ್ಚಿದರು. ಹಾಲೇಶ್ ಬಸ್ಸು ಬಿಟ್ಟು ಶಿಬಿರಕ್ಕೆ ಹೋದ, ನಿಜ ಹೇಳಿಬಿಡೋಣ ಅಂತ. ಹನ್ನೊಂದೂವರೆ. ವೀರಮ್ಮ ಗೊರಕೆ ಹೊಡೆಯುತ್ತಿದ್ದಳು. ಸ್ಪಂದನಾ ಮಂಚದ ಪಕ್ಕ ಟಾರ್ಚು ಹಿಡಿದು ನಿಂತಿದ್ದಳು.

"ಸರ್, ಇಲ್ಲಿ ನೀರು ಚೆಲ್ಲಿದ್ದು ಯಾರು?"

ಎಡಗಾಲು ಇರಬೇಕಾಗಿದ್ದ ಜಾಗದಲ್ಲಿ ಹಾಸಿಗೆ ಒದ್ದೆ. ಬಿಳೀ ಬೆಡ್‌ಶೀಟಿನ ಮೇಲೆ ಒಂದೆಳೆ ಹಸಿರು ಪಾಚಿ. ಪಕ್ಕದಲ್ಲಿ ವಿಭೂತಿಯ ಮೂರು ಗೆರೆ. ಹಾಲೇಶ್ ತನ್ನ ಮೂರು ಬೆರಳು ಅದರ ಮೇಲಿಟ್ಟು ನೋಡಿದ. ಸರಿಹೋಯಿತು.

ಇದು ನಡೆದದ್ದೇ. ಅನುಮಾನ ಇದ್ದವರು ಸ್ಪಂದನಾಳನ್ನು ಕೇಳಬಹುದು, ಆ ಬೆಡ್‌ಶೀಟು ಒಗೆಯೋಕೆ ಹಾಕಿದವಳು ಅವಳೇ. ಅಮಾವಾಸ್ಯೆಯೂ ಅಲ್ಲ, ಏನೂ ಅಲ್ಲ. ದೀಪಾವಳಿ ಮುಗಿದು ನಾಲ್ಕನೇ ದಿನ, ಎರಡು ಸಾವಿರದ ಇಪ್ಪತ್ಮೂರನೇ ಇಸವಿ, ನವೆಂಬರ್ ಹದಿನೆಂಟು, ಶನಿವಾರ.