ಅಮ್ಮನ ಹೆಸರಿನ ತಣ್ಣೀರು

ಟಾಂಟಾ ಊರಿನ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಮಂಡಿ ತಿಕ್ಕಿಕೊಳ್ಳುತ್ತಿದ್ದ ಮುದುಕರೊಬ್ಬರು, ಪಕ್ಕದಲ್ಲಿ ಅವರ ಓಣಿಯವಳೇ ಆದ ಒಬ್ಬ ಹೆಂಗಸು.

“ಹಾಜಿ, ಮನೆ ಮುಂದೆ ದಾರಿಹೋಕರಿಗೆ ಅಂತ ಇಟ್ಟಿದ್ದೀರಲ್ಲ ತಣ್ಣೀರಿನ ನಲ್ಲಿ ಪೆಟ್ಟಿಗೆ, ಅದನ್ನ ಇವತ್ತೇ ಬಂದ್ ಮಾಡಿ.”

“ಏನು ಮಾತು ನಗಾತ್! ತೀರಿಕೊಂಡ ನಮ್ಮಮ್ಮನ ಹೆಸರು ಬರೆಸಿ ಇಟ್ಟಿರೋ ದಾನ ಅದು. ಯಾರು ಕುಡಿದರೂ ಅಮ್ಮನಿಗೆ ಪುಣ್ಯ.”

“ನನ್ನ ಮಗಳೂ ಕುಡಿದಳು, ಸ್ಕೂಲಿಂದ ಬರ್ತಾ ದಿನಾ. ಈಗ ಒಳಗೆ ಡ್ರಿಪ್ ಹಾಕಿಸ್ಕೊಂಡು ಮಲಗಿದಾಳೆ.”

“ನೀರು ಕನ್ನಡಿ ಇದ್ದಂಗಿದೆ ಕಣಮ್ಮ.”

“ಕನ್ನಡೀಲಿ ಕಾಯಿಲೆ ಕಾಣುತ್ತಾ? ಊರಿನ ಕಕ್ಕಸು ನೀರೆಲ್ಲ ಶುದ್ಧಿ ಮಾಡ್ತೀವಿ ಅಂತ ನಮ್ಮ ಓಣಿ ಪಕ್ಕದ ಘಟಕದವರು ಹೊಂಡದಲ್ಲಿ ನಿಲ್ಲಿಸಿದಾರೆ. ಹೊಂಡ ಸೋರ್ತಿದೆ. ಅದರ ಗೋಡೆ ಪಕ್ಕದಲ್ಲೇ ಆ ಪೆಟ್ಟಿಗೆಗೆ ನೀರು ಬಿಡೋ ನಿಮ್ಮ ಬೋರು.”

“ಹಾಗಾದ್ರೆ ಹೋಗಿ ಅವರನ್ನ ಬೈಯಿ.”

“ಗೇಟ್ ಹತ್ರ ನಿಂತು ಗಂಟಲು ಹರ್ಕೊಂಡು ಬಂದೆ. ಅವರೂ ನಿಮ್ಮ ಥರಾನೇ, ನೀರು ಚೆನ್ನಾಗಿದೆ ಅಂತಾರೆ.”

ಹಾಜಿಗೆ ಕೆಮ್ಮು ಬಂತು. ಚೀಲದಿಂದ ಬಾಟಲಿ ತೆಗೆದು, ಮುಚ್ಚಳದ ಸೀಲು ಮುರಿದು, ಎರಡು ಗುಟುಕು ಕುಡಿದರು.

“ಇದೇನು, ಅಂಗಡಿ ನೀರಾ?”

“ನನ್ನ ಹೊಟ್ಟೆಗೆ ಆ ಬೋರಿನ ನೀರು ಒಗ್ಗಲ್ಲಮ್ಮ. ಮೂರು ತಿಂಗಳಾಯ್ತು.”

“ಮೂರು ತಿಂಗಳಿಂದ ಗೊತ್ತು ನಿಮಗೆ!”

ನರ್ಸ್ ಬಂದು ಶೈಮಾಳ ತಾಯಿ ಯಾರೆಂದು ಕೂಗಿದಳು. ನಗಾತ್ ಎದ್ದಳು.

“ಅಮ್ಮನ ಹೆಸರು ಈ ಬಾಟಲಿ ಮೇಲೆ ಬರೀರಿ, ಹಾಜಿ. ಆ ಪೆಟ್ಟಿಗೆ ಮೇಲೆ ನಿಮ್ಮ ಹೆಸರು ಹಾಕ್ಕೊಳ್ಳಿ.”