ಯಂತ್ರಕ್ಕೆ ಕೈಯಾದವನು

ನಾನು ಮೊದಲ ಸಲ ಮನೆ ಬಿಟ್ಟಿದ್ದು ಒಂದು ಬುಧವಾರ, ಲೆಕ್ಕದ ಪರೀಕ್ಷೆಯ ದಿನ. ಆಮೇಲೆ ಕಾಲು ಒಂದು ಕಡೆ ನಿಂತಿಲ್ಲ. ದಣಿದಾಗ ಮಾತ್ರ ದೊಡ್ಡಪ್ಪನ ಮಗನ ಮನೆಗೆ ಹೋಗಿ ಬೀಳುತ್ತೇನೆ. ಇದು ಅವನಿಗೆ ಆದದ್ದು.

ಅಣ್ಣ ಕೆಲಸಕ್ಕಿದ್ದ ಪ್ರಯೋಗಾಲಯದಲ್ಲಿ ಕಂಪ್ಯೂಟರಿಗೆ ಚೆಸ್ ಕಲಿಸುತ್ತಿದ್ದರು. ಚೆಸ್ ಬಂದರೆ ಬುದ್ಧಿ ಬಂದಂತೆ ಅಂತ ಅವರ ನಂಬಿಕೆ. ಅದಕ್ಕೆ ಕೈ ಇಲ್ಲವಲ್ಲ... ಪರದೆಯಲ್ಲಿ ಅದು ಹೇಳಿದ ಕಾಯಿಯನ್ನು ಅಣ್ಣ ಹಲಗೆ ಮೇಲೆ ನಡೆಸಬೇಕು. ತಾನು ಯೋಚಿಸಬಾರದು. ಆಟ ಮುಗಿಯದೆ ಏಳಬಾರದು. "ತಲೆ ಉಪಯೋಗಿಸದೆ ಇರೋಕೆ ಸಂಬಳ ಕೊಡ್ತಾರೆ ಕಣೋ, ನಿಂಗೆ ಹೇಳಿ ಮಾಡಿಸಿದ ಕೆಲಸ" ಅಂತ ನನ್ನ ಕಾಲೆಳೆಯುತ್ತಿದ್ದ.

ಯಂತ್ರ ಗೆಲ್ಲತೊಡಗಿತು. ಪ್ರಯೋಗಾಲಯದ ದೊಡ್ಡವರಿಗೆ ಮಾತ್ರ ಬೇಸರ. ಅದು ಯೋಚಿಸುತ್ತಿಲ್ಲ, ಬರೀ ಲಕ್ಷಗಟ್ಟಲೆ ದಾರಿ ಎಣಿಸುತ್ತಿದೆ, ಇದರಿಂದ ಬುದ್ಧಿಯ ಗುಟ್ಟು ಸಿಗಲ್ಲ ಅಂದರು. ಒಂದು ದಿನ ಆಟದ ನಡುವೆಯೇ ಪ್ಲಗ್ ಕಿತ್ತರು. ಹಲಗೆಯನ್ನು ಹಾಗೇ ಎತ್ತಿಕೊಂಡು ಅಣ್ಣ ಮನೆಗೆ ಬಂದ.

ಈ ಸಲ ನಾನು ಹೋದಾಗ ರಾತ್ರಿಯಾಗಿತ್ತು. ಬೀದಿ ಕೊನೆಯ ಬಾವಿ ದಾಟುವಾಗ ಕೇಳಿಸಿತು... ಟಕ್. ಮರಕ್ಕೆ ಮರ ತಾಗಿದ ಸದ್ದು. ಅಣ್ಣನ ಕಿಟಕಿಯಿಂದ.

ಅತ್ತಿಗೆ ಬಾಗಿಲು ತೆರೆದಳು. "ಮೆಲ್ಲಗೆ ಬಾ. ಅದರ ಸರದಿ."

ಅಣ್ಣ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಬಲಗೈ ಮಾತ್ರ ಹಲಗೆ ಮೇಲಿತ್ತು. ಕುದುರೆಯನ್ನು ಎತ್ತಿತು. ಇಟ್ಟಿತು. ಟಕ್.

"ನಾನಲ್ಲ ಕಣೋ," ಪಿಸುಗುಟ್ಟಿದ. "ಮೊದಲು ರಾತ್ರಿ ಮಾತ್ರ ಹೀಗಿತ್ತು. ನಿನ್ನೆ ಹಗಲಲ್ಲೇ... ಪಾಪು ನೆಲದ ಟೈಲ್ಸ್ ಮೇಲೆ ಆಡ್ತಿದ್ದಳು. ಈ ಕೈ ಅವಳ ತಲೆ ಹಿಡಿದೆತ್ತಿ ಪಕ್ಕದ ಚೌಕದಲ್ಲಿ ಇಟ್ಟಿತು."

"ಸೋತೆ ಅಂತ ಒಪ್ಪಿಕೊಂಡುಬಿಡು."

"ಒಪ್ಪಬೇಕಾದದ್ದು ಅದು. ನಾನು ಬರೀ ಕೈ."

ನಾನೇ ಹಲಗೆ, ಕಾಯಿ ಎಲ್ಲ ಬಾಚಿಕೊಂಡು ಹೋಗಿ ಬಾವಿಗೆ ಸುರಿದೆ. ಅವನ ಕೈಯನ್ನು ಟವೆಲಿನಲ್ಲಿ ಮಂಚಕ್ಕೆ ಬಿಗಿದು ಪಕ್ಕದಲ್ಲೇ ಮಲಗಿದೆ. ಕತ್ತಲಲ್ಲಿ ಬಟ್ಟೆ ಪರ್ರೆಂದಿತು. ದೀಪ ಹಾಕಿದರೆ... ಅಣ್ಣ ಕಣ್ಣು ಬಿಟ್ಟುಕೊಂಡು ಅಳುತ್ತಿದ್ದ. ಬೆರಳುಗಳು ಗಾಳಿಯಿಂದ ಏನನ್ನೋ ಹೆಕ್ಕಿ ಹಾಸಿಗೆ ಮೇಲಿಟ್ಟವು.

ಟಕ್.

ಬೆಳಿಗ್ಗೆ ಅತ್ತಿಗೆ ಪಾಪುವನ್ನೆತ್ತಿಕೊಂಡು ತವರಿಗೆ ಹೋದಳು. ನಾನು ಚೀಲಕ್ಕೆ ಬಟ್ಟೆ ತುರುಕತೊಡಗಿದೆ. "ನೀನಾದ್ರೂ ಇರೋ," ಅಂದ ಅಣ್ಣ. ನಾನು ಅವನ ಕೈಗೆ ಎಟುಕದ ಹಾಗೆ ಗೋಡೆಗೊತ್ತಿ ನಿಂತು ಜಿಪ್ ಎಳೆದೆ.

ನಂಬಿ, ಬಿಡಿ. ಆ ಹಾಸಿಗೆ ಹತ್ತಿಯದು. ಹೊರಡುವ ಮುಂಚೆ ಒತ್ತಿ ಒತ್ತಿ ನೋಡಿದ್ದೇನೆ, ಒಳಗೆ ಮರದ ಚೂರೂ ಇಲ್ಲ.